ಕೈಯ ಚಲನೆಯನ್ನು ಅರಿಯುವ ಯಂತ್ರ: ಒಂದು ಪರಿಚಯ

ಆಟದ ಯಂತ್ರವೊಂದರ ವಿಷಯವನ್ನು ವಿದ್ಯಾಲಯದ ಸಂಚಿಕೆಯಲ್ಲಿ ಪ್ರಸ್ತಾಪಿಸುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಆದರೆ ಮನುಷ್ಯನು ತನ್ನ ಇಚ್ಛೆಯನ್ನು ಯಂತ್ರಕ್ಕೆ ತಿಳಿಸುವ ಬಗೆ ಯಾವುದು, ಯಂತ್ರವು ಅದನ್ನು ಎಷ್ಟರಮಟ್ಟಿಗೆ ಗ್ರಹಿಸಬಲ್ಲುದು ಎಂಬ ಪ್ರಶ್ನೆ ಆಟಕ್ಕಷ್ಟೇ ಸೀಮಿತವಾದುದಲ್ಲ. ಭೌತವಿಜ್ಞಾನವನ್ನು ಓದುವವರಿಗೂ ಶಬ್ದಾರ್ಥಗಳ ಸಂಬಂಧವನ್ನು ಚಿಂತಿಸುವವರಿಗೂ ಇದು ಸಮಾನವಾಗಿ ಪ್ರಯೋಜನಕರವಾದ ವಿಷಯ. ಆದುದರಿಂದ ಜಪಾನ್ ದೇಶದ ನಿಂಟೆಂಡೊ ಸಂಸ್ಥೆಯು 2006ರಲ್ಲಿ ಹೊರತಂದ ‘ವೀ’ ಎಂಬ ಆಟದ ಯಂತ್ರವನ್ನೂ, ಅದರ ಕೈಪಿಡಿಯಾದ ‘ವೀ ರಿಮೋಟ್’ ಎಂಬ ಉಪಕರಣವನ್ನೂ ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಅದಕ್ಕೆ ಮುಂಚೆ ಪ್ರಚಾರದಲ್ಲಿದ್ದ ಆಟದ ನಿಯಂತ್ರಕಗಳು ಬಹುಮಟ್ಟಿಗೆ ಗುಂಡಿಗಳಿಂದಲೂ ಸಣ್ಣ ಹಿಡಿಕೆಗಳಿಂದಲೂ ಕೂಡಿದವು. ಒಂದು ಗುಂಡಿಯನ್ನು ಒತ್ತಿದರೆ ತೆರೆಯ ಮೇಲಿನ ವ್ಯಕ್ತಿ ಜಿಗಿಯುತ್ತಾನೆ. ಇನ್ನೊಂದನ್ನು ಒತ್ತಿದರೆ ಓಡುತ್ತಾನೆ. ಒತ್ತುವುದಕ್ಕೂ ಜಿಗಿಯುವುದಕ್ಕೂ ಸ್ವಾಭಾವಿಕವಾದ ಸಂಬಂಧ ಯಾವುದೂ ಇಲ್ಲ. ‘ಮರ’ ಎಂಬ ಶಬ್ದಕ್ಕೂ ಅಂಗಳದಲ್ಲಿ ನಿಂತ ಮರಕ್ಕೂ ರೂಪಸಾದೃಶ್ಯ ಇಲ್ಲದಿರುವಂತೆಯೇ ಇದೂ ಸಹ. ಸಂಕೇತವನ್ನು ಕಲಿತವನಿಗೆ ಮಾತ್ರ ಅರ್ಥ ತಿಳಿಯುತ್ತದೆ; ಕಲಿಯದವನು ಹೊರಗೆ ಉಳಿಯುತ್ತಾನೆ. ಆದರೆ ನಮ್ಮ ವ್ಯಾಕರಣದಲ್ಲಿ ಅನುಕರಣ ಶಬ್ದಗಳೆಂಬ ಒಂದು ವರ್ಗವುಂಟು. ‘ಚಟಚಟ’, ‘ದಬದಬ’, ‘ಗುಳುಗುಳು’ ಮೊದಲಾದ ಮಾತುಗಳಲ್ಲಿ ಶಬ್ದವೇ ಅರ್ಥದ ನೆರಳಾಗಿ ನಿಲ್ಲುತ್ತದೆ. ವೀ ರಿಮೋಟ್ ಎಂಬುದು ನಿಯಂತ್ರಕಗಳ ಪೈಕಿ ಈ ಅನುಕರಣ ವರ್ಗಕ್ಕೆ ಸೇರಿದುದು. ಚೆಂಡನ್ನು ಹೊಡೆಯಬೇಕಾದರೆ ಕೈಯನ್ನು ಬೀಸಬೇಕು. ಚೆಂಡನ್ನು ಉರುಳಿಸಬೇಕಾದರೆ ಕೈಯನ್ನು ಹಿಂದಕ್ಕೆ ಒಯ್ದು ಮುಂದಕ್ಕೆ ತರಬೇಕು. ಅಕ್ಷರ ಬಾರದ ಅಜ್ಜಿಯೂ ಅರೆಗಳಿಗೆಯಲ್ಲಿ ಕಲಿತಾಳು ಎಂಬುದೇ ಇದರ ವಿಶೇಷ.

ಈ ಸಂಸ್ಥೆಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬಹುದು. 1889ರಲ್ಲಿ ಕ್ಯೋಟೋ ನಗರದಲ್ಲಿ ‘ಹನಫುದ’ ಎಂಬ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಇದು ಆರಂಭವಾಯಿತು. ಶತಮಾನ ಕಳೆಯುವ ವೇಳೆಗೆ ವಿಡಿಯೋ ಆಟಗಳ ಕ್ಷೇತ್ರದಲ್ಲಿ ಅಗ್ರಸ್ಥಾನಕ್ಕೆ ಬಂದರೂ, 2001ರಲ್ಲಿ ಹೊರಬಂದ ‘ಗೇಮ್‌ಕ್ಯೂಬ್’ ಎಂಬ ಅದರ ಯಂತ್ರವು ಒಟ್ಟಾರೆ ಸುಮಾರು 2 ಕೋಟಿ 17 ಲಕ್ಷ ಮಾತ್ರ ಮಾರಾಟವಾಗಿ, ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬಿದ್ದಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಸತೋರು ಇವಾತಾ. ಚಿತ್ರದ ಸ್ಫುಟತೆಯಲ್ಲಿಯೂ ಗಣನೆಯ ವೇಗದಲ್ಲಿಯೂ ಇತರರೊಡನೆ ಪೈಪೋಟಿ ನಡೆಸುವುದನ್ನು ಬಿಟ್ಟು, ಆಟವನ್ನೇ ಆಡದವರನ್ನು ಆಟಕ್ಕೆ ಕರೆತರುವ ಮಾರ್ಗವನ್ನು ಅವರು ಹಿಡಿದರು. 2005ರ ಸೆಪ್ಟೆಂಬರಿನಲ್ಲಿ ಟೋಕಿಯೋದ ಆಟಗಳ ಪ್ರದರ್ಶನದಲ್ಲಿ ಅವರು ಎತ್ತಿ ತೋರಿಸಿದ ಉಪಕರಣವು ಟೆಲಿವಿಷನ್ನಿನ ರಿಮೋಟಿನಂತೆ ಉದ್ದವಾಗಿ, ಒಂದೇ ಕೈಯಲ್ಲಿ ಹಿಡಿಯತಕ್ಕದ್ದಾಗಿತ್ತು. ಮನೆಯಲ್ಲಿ ಎಲ್ಲರೂ ಅಂಜಿಕೆಯಿಲ್ಲದೆ ಮುಟ್ಟುವ ವಸ್ತುವಿನ ಆಕಾರವನ್ನು ಆರಿಸಿಕೊಂಡುದು ಜಾಣತನವೇ ಸರಿ. ‘ವೀ’ ಎಂಬ ಹೆಸರಿನಲ್ಲಿಯೂ ಒಂದು ಚಮತ್ಕಾರವಿದೆ. ಉಚ್ಚಾರಣೆಯಲ್ಲಿ ಅದು ‘ನಾವು’ ಎಂಬರ್ಥದ ಇಂಗ್ಲಿಷ್ ಮಾತಿನಂತೆ ಕೇಳಿಸುತ್ತದೆ; ಬರೆವಣಿಗೆಯಲ್ಲಿ ಕೊನೆಯ ಎರಡು ಅಕ್ಷರಗಳು ಅಕ್ಕಪಕ್ಕ ನಿಂತ ಇಬ್ಬರು ಮನುಷ್ಯರಂತೆ ಕಾಣಿಸುತ್ತವೆ. 2006ರ ನವೆಂಬರ್ 19ರಂದು ಅಮೆರಿಕದಲ್ಲಿಯೂ ಡಿಸೆಂಬರ್ 2ರಂದು ಜಪಾನಿನಲ್ಲಿಯೂ ಇದು ಬಿಡುಗಡೆಯಾಯಿತು. ಮುಂದೆ ಮಾರಾಟವಾದ ಯಂತ್ರಗಳ ಸಂಖ್ಯೆ 10 ಕೋಟಿ 16 ಲಕ್ಷವನ್ನು ಮುಟ್ಟಿತು.

ಇಂಥ ಪ್ರಯತ್ನ ಇದೇ ಮೊದಲನೆಯದೆಂದು ತಿಳಿಯಬಾರದು. 1989ರಲ್ಲಿಯೇ ಅಮೆರಿಕದ ಮ್ಯಾಟೆಲ್ ಸಂಸ್ಥೆಯು ‘ಪವರ್ ಗ್ಲವ್’ ಎಂಬ ಕೈಗವಸನ್ನು ಮಾರಾಟಕ್ಕೆ ತಂದಿತ್ತು. ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಗವಸಿನಿಂದ ಹೊರಡಿಸಿ, ಟೆಲಿವಿಷನ್ನಿನ ಅಂಚಿನಲ್ಲಿ ಇಟ್ಟ ಗ್ರಾಹಕಗಳಿಂದ ಅದನ್ನು ಹಿಡಿದು, ಕೈ ಇರುವ ಸ್ಥಾನವನ್ನು ಲೆಕ್ಕ ಹಾಕುವುದು ಅದರ ಕ್ರಮ. ಕಲ್ಪನೆ ಸೊಗಸಾಗಿದ್ದರೂ ಲೆಕ್ಕ ನಿಖರವಾಗಿರಲಿಲ್ಲ. ಅದಕ್ಕೆಂದೇ ರಚಿಸಿದ ಆಟಗಳೂ ತೀರ ವಿರಳ. ಗುಂಡಿಗಳಿಗಾಗಿ ರಚಿತವಾದ ಆಟವನ್ನು ಗವಸಿನಿಂದ ಆಡಹೊರಟವರು ಬೇಸತ್ತರು. ಉಪಕರಣಕ್ಕೆ ತಕ್ಕ ಆಟವೂ ಆಟಕ್ಕೆ ತಕ್ಕ ಉಪಕರಣವೂ ಒಟ್ಟೊಟ್ಟಿಗೆ ಹುಟ್ಟಬೇಕೆಂಬುದನ್ನು ನಿಂಟೆಂಡೊ ಅರಿತಿತ್ತು. ಆದ್ದರಿಂದಲೇ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಮುಷ್ಟಿಯುದ್ಧ ಎಂಬ ಐದು ಆಟಗಳುಳ್ಳ ‘ವೀ ಸ್ಪೋರ್ಟ್ಸ್’ ಎಂಬುದನ್ನು ಬಹುತೇಕ ದೇಶಗಳಲ್ಲಿ ಯಂತ್ರದ ಜೊತೆಗೇ ಕೊಡಲಾಯಿತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಕೈಯ ಚಲನೆಯನ್ನು ಈ ಉಪಕರಣವು ಅರಿಯುವ ಬಗೆ ಹೇಗೆ?

ಇದರೊಳಗೆ ವೇಗೋತ್ಕರ್ಷವನ್ನು ಅಳೆಯುವ ಒಂದು ಸಣ್ಣ ಸಿಲಿಕಾನ್ ಚಿಪ್ಪು ಇದೆ. ಅದರ ಉದ್ದ 4 ಮಿಲಿಮೀಟರು, ಅಗಲವೂ ಅಷ್ಟೇ. ಅದರೊಳಗೆ ಸಿಲಿಕಾನಿನಿಂದಲೇ ಕೆತ್ತಿದ ಅತಿಸೂಕ್ಷ್ಮವಾದ ತುಂಡೊಂದು ಸಿಲಿಕಾನಿನದೇ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಬಸ್ಸು ತಟ್ಟನೆ ಹೊರಟಾಗ ನಿಂತಿರುವ ಪ್ರಯಾಣಿಕನು ಹಿಂದಕ್ಕೆ ವಾಲುತ್ತಾನಷ್ಟೆ. ಹಾಗೆಯೇ ಉಪಕರಣವನ್ನು ಬೀಸಿದಾಗ ಈ ತುಂಡು ತನ್ನ ಎಡೆಯಿಂದ ಕೂದಲೆಳೆಗಿಂತಲೂ ಬಹಳ ಕಡಿಮೆ ದೂರ ಸರಿಯುತ್ತದೆ. ಸರಿದಾಗ ಅದಕ್ಕೂ ಪಕ್ಕದ ಸ್ಥಿರವಾದ ಫಲಕಗಳಿಗೂ ನಡುವಣ ವಿದ್ಯುದ್ಧಾರಕತೆ ವ್ಯತ್ಯಾಸ ಹೊಂದುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ವೇಗೋತ್ಕರ್ಷ ತಿಳಿಯಿತು. ಉದ್ದ, ಅಗಲ, ಎತ್ತರ ಎಂಬ ಮೂರು ದಿಕ್ಕುಗಳಲ್ಲಿಯೂ ಹೀಗೆ ಅಳೆಯುತ್ತದೆ. ಈ ಜಾತಿಯ ಚಿಪ್ಪುಗಳು ಆಟಕ್ಕಾಗಿ ಹುಟ್ಟಿದವಲ್ಲ. ಮೋಟಾರು ಗಾಡಿ ಡಿಕ್ಕಿ ಹೊಡೆದ ಕ್ಷಣದಲ್ಲಿ ಗಾಳಿಚೀಲವನ್ನು ಉಬ್ಬಿಸುವ ಸಲುವಾಗಿ 1990ರ ದಶಕದಲ್ಲಿ ಇವು ವ್ಯಾಪಕವಾದವು. ಬೆಲೆ ಇಳಿದ ಮೇಲೆ ಆಟದ ಸಾಮಾನಿಗೂ ಬಂದವು. ಪ್ರಾಣರಕ್ಷಣೆಗಾಗಿ ಹುಟ್ಟಿದ ವಸ್ತು ವಿನೋದಕ್ಕೆ ಒದಗಿತು.

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಉಪಕರಣವನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟಾಗಲೂ ಆ ಚಿಪ್ಪು ಸೊನ್ನೆಯನ್ನು ತೋರಿಸುವುದಿಲ್ಲ. ಭೂಮಿಯ ಗುರುತ್ವದಿಂದ ಒಳಗಿನ ತುಂಡು ಕೆಳಕ್ಕೆ ಜಗ್ಗುತ್ತಿರುವುದರಿಂದ ಗುರುತ್ವದಷ್ಟೇ ಮೊತ್ತವನ್ನು ತೋರಿಸುತ್ತದೆ. ಕೈಜಾರಿ ಬೀಳುತ್ತಿರುವಾಗ ಮಾತ್ರ ಸೊನ್ನೆಗೆ ಸಮೀಪವಾಗಿ ತೋರಿಸುತ್ತದೆ! ಈ ಗುಣದಿಂದ ಒಂದು ಲಾಭವುಂಟು. ಉಪಕರಣವನ್ನು ನಿಶ್ಚಲವಾಗಿ ಹಿಡಿದು ಎಡಕ್ಕೆ ಬಾಗಿಸಿದರೆ, ಗುರುತ್ವವು ಯಾವ ಬದಿಗೆ ಜಗ್ಗುತ್ತಿದೆ ಎಂಬುದರಿಂದ ಬಾಗನ್ನು ತಿಳಿಯಬಹುದು. ಆದರೆ ಕೈಯನ್ನು ಬೀಸುತ್ತಿರುವಾಗ ತೊಡಕು ಬರುತ್ತದೆ. ತೋರಿದ ಅಳತೆಯಲ್ಲಿ ಬಾಗಿನಿಂದ ಬಂದುದೆಷ್ಟು, ಬೀಸಿನಿಂದ ಬಂದುದೆಷ್ಟು ಎಂದು ಬಿಡಿಸಿ ಹೇಳಲು ಚಿಪ್ಪಿಗೆ ಸಾಧ್ಯವಿಲ್ಲ.

ಅಲಂಕಾರಶಾಸ್ತ್ರವನ್ನು ಬಲ್ಲವರು ಇದನ್ನು ಶ್ಲೇಷವೆಂದು ಗುರುತಿಸದೆ ಇರಲಾರರು. ಶಬ್ದ ಒಂದೇ, ಅರ್ಥ ಎರಡು. ‘ಸೈಂಧವವನ್ನು ತಾ’ ಎಂದರೆ ಉಪ್ಪನ್ನು ತರಬೇಕೋ ಕುದುರೆಯನ್ನು ತರಬೇಕೋ? ಊಟಕ್ಕೆ ಕುಳಿತವನು ಹೇಳಿದರೆ ಉಪ್ಪು, ಪಯಣಕ್ಕೆ ಹೊರಟವನು ಹೇಳಿದರೆ ಕುದುರೆ ಎಂದು ಶಾಸ್ತ್ರಕಾರರು ಪ್ರಕರಣದಿಂದ ಅರ್ಥವನ್ನು ನಿರ್ಣಯಿಸಿದರು. ಆಟದ ರಚನಕಾರರು ಹಿಡಿದುದೂ ಇದೇ ದಾರಿಯನ್ನು. ಟೆನಿಸ್ ಆಟದಲ್ಲಿ ಚೆಂಡು ಎದುರಿನಿಂದ ಬರುತ್ತಿರುವ ಹೊತ್ತಿಗೆ ದೊಡ್ಡದೊಂದು ಅಲುಗಾಟ ಕಂಡರೆ ಅದು ಹೊಡೆತವಲ್ಲದೆ ಬೇರೇನಾಗಿರಲು ಸಾಧ್ಯ? ಬೀಸಿದ್ದು ತುಸು ಮುಂಚೆಯೋ ತುಸು ತಡವೋ ಎಂಬುದರಿಂದ ಚೆಂಡು ಹೋಗುವ ದಿಕ್ಕನ್ನು ನಿರ್ಧರಿಸುತ್ತಾರೆ. ಆಟಗಾರನ ಕಾಲ ಕೆಲಸವನ್ನು ತೆರೆಯ ಮೇಲಿನ ಬೊಂಬೆ ತಾನಾಗಿಯೇ ಮಾಡಿಕೊಳ್ಳುತ್ತದೆ. ಯಂತ್ರವು ಕೈಯನ್ನು ಕಂಡದ್ದಿಲ್ಲ, ಊಹಿಸಿದೆ. ಪ್ರತ್ಯಕ್ಷವೆಂದು ನಾವು ಭ್ರಮಿಸುವುದು ವಸ್ತುತಃ ಅನುಮಾನ.

ಹಾಗಾದರೆ ವೇಗೋತ್ಕರ್ಷದಿಂದ ವೇಗವನ್ನೂ, ವೇಗದಿಂದ ಸ್ಥಾನವನ್ನೂ ಗಣಿತದ ಮೂಲಕ ಪಡೆಯಬಾರದೇ ಎಂದು ಮೇಲಿನ ತರಗತಿಯವರು ಕೇಳಬಹುದು. ತತ್ತ್ವತಃ ಪಡೆಯಬಹುದು, ವ್ಯವಹಾರದಲ್ಲಿ ಅದು ಕೈಕೊಡುತ್ತದೆ. ಅಳತೆಯಲ್ಲಿ ಗುರುತ್ವದ ನೂರರಲ್ಲಿ ಒಂದು ಪಾಲಿನಷ್ಟು ತಪ್ಪಿದೆಯೆಂದು ಇಟ್ಟುಕೊಳ್ಳಿ. ಅಂದರೆ ಸೆಕೆಂಡಿನ ವರ್ಗಕ್ಕೆ ಸುಮಾರು 0.1 ಮೀಟರು. ಆ ತಪ್ಪು ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತ ಹೋಗಿ, 10 ಸೆಕೆಂಡುಗಳು ಕಳೆಯುವಷ್ಟರಲ್ಲಿ ಸ್ಥಾನದಲ್ಲಿ ಸುಮಾರು 5 ಮೀಟರಿನ ವ್ಯತ್ಯಾಸವಾಗುತ್ತದೆ. ಕೈಯಲ್ಲಿ ಹಿಡಿದ ಉಪಕರಣವು ಪಕ್ಕದ ಮನೆಯಲ್ಲಿದೆ ಎಂದು ಯಂತ್ರವು ತಿಳಿದೀತು. ಇನ್ನೊಂದು ಮಿತಿಯೂ ಇದೆ. ಗುರುತ್ವದ ಸುಮಾರು ಮೂರು ಪಟ್ಟಿನವರೆಗೆ ಮಾತ್ರ ಅಳೆಯುವಂತೆ ಆ ಚಿಪ್ಪನ್ನು ನಿರ್ಮಿಸಿದ್ದರು. ಬಲಶಾಲಿಯೊಬ್ಬನು ಇದ್ದ ಬಲವನ್ನೆಲ್ಲ ಹಾಕಿ ಬೀಸಿದರೂ ಆ ಮೇರೆಯ ಆಚೆಗಿನ ಬಲ ಲೆಕ್ಕಕ್ಕೆ ಬಾರದು.

ತೆರೆಯ ಕಡೆಗೆ ಗುರಿಯಿಟ್ಟು ತೋರಿಸುವ ಕಾರ್ಯಕ್ಕೆ ಬೇರೆಯೇ ಏರ್ಪಾಡು. ಟೆಲಿವಿಷನ್ನಿನ ಮೇಲೋ ಕೆಳಗೋ ಸುಮಾರು 20 ಸೆಂಟಿಮೀಟರು ಉದ್ದದ ಕಪ್ಪು ಪಟ್ಟಿಯೊಂದನ್ನು ಇಡುತ್ತಾರೆ. ಇದನ್ನು ‘ಸೆನ್ಸರ್ ಬಾರ್’ ಎನ್ನುತ್ತಾರೆ. ಇದು ಅಂಕಿತನಾಮವಾದೀತೇ ಹೊರತು ಅನ್ವರ್ಥನಾಮವಾಗದು. ಏಕೆಂದರೆ ಅದು ಏನನ್ನೂ ಗ್ರಹಿಸುವುದಿಲ್ಲ. ಅದರಲ್ಲಿರುವುದು ಎರಡು ತುದಿಗಳಲ್ಲಿ ಐದೈದರಂತೆ ಕಣ್ಣಿಗೆ ಕಾಣದ ಅವರಕ್ತ ಕಿರಣಗಳನ್ನು ಸೂಸುವ ಹತ್ತು ಪುಟ್ಟ ದೀಪಗಳು ಮಾತ್ರ. ಗ್ರಹಿಸುವ ಕಣ್ಣು ಇರುವುದು ಕೈಯಲ್ಲಿ ಹಿಡಿದ ಉಪಕರಣದ ಮುಂದುದಿಯಲ್ಲಿ. ಆ ಕಣ್ಣಿಗೆ ಎರಡು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಚುಕ್ಕೆಗಳು ಎಡಕ್ಕೆ ಸರಿದಂತೆ ಕಂಡರೆ ಕೈ ಬಲಕ್ಕೆ ತಿರುಗಿದೆಯೆಂದೂ, ಅವು ಓರೆಯಾಗಿ ಕಂಡರೆ ಮಣಿಕಟ್ಟು ಹೊರಳಿದೆಯೆಂದೂ, ಒಂದಕ್ಕೊಂದು ಹತ್ತಿರವಾಗಿ ಕಂಡರೆ ಆಟಗಾರನು ದೂರ ನಿಂತಿದ್ದಾನೆಂದೂ ಯಂತ್ರವು ತರ್ಕಿಸುತ್ತದೆ. ನಾವಿಕನು ನಕ್ಷತ್ರಗಳನ್ನು ನೋಡಿ ತನ್ನ ಹಡಗಿನ ನೆಲೆಯನ್ನು ತಿಳಿಯುವಂತೆ ಇದು. ಆ ಪಟ್ಟಿ ಕೆಟ್ಟುಹೋದಾಗ ಎರಡು ಮೇಣದ ಬತ್ತಿಗಳನ್ನು ಹಚ್ಚಿಟ್ಟು ಆಡಿದವರುಂಟು. ಜ್ವಾಲೆಯಲ್ಲಿಯೂ ಅವರಕ್ತ ಕಿರಣಗಳಿರುವುದರಿಂದ ಅದು ನಡೆಯುತ್ತದೆ. ಇದೇ ಕಾರಣದಿಂದ ಟೆಲಿವಿಷನ್ನಿನ ಹಿಂದೆ ಕಿಟಕಿಯಿದ್ದು ಬಿಸಿಲು ಬೀಳುತ್ತಿದ್ದರೆ ಗುರಿ ಅತ್ತಿತ್ತ ನೆಗೆಯುತ್ತದೆ. ಆಡುವವರು ಪರದೆ ಎಳೆದು, ಸುಮಾರು 1ರಿಂದ 3 ಮೀಟರು ದೂರದಲ್ಲಿ ನಿಲ್ಲುವುದು ಕ್ಷೇಮ.

ಇಷ್ಟಾದರೂ ಒಂದು ಚಲನೆ ಇದರ ಹಿಡಿತಕ್ಕೆ ಸಿಕ್ಕಿರಲಿಲ್ಲ. ಉಪಕರಣವನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಬೀಸುಕಲ್ಲಿನಂತೆ ಅಡ್ಡಡ್ಡಲಾಗಿ ತಿರುಗಿಸಿದರೆ ಗುರುತ್ವದ ದಿಕ್ಕು ಉಪಕರಣದ ಪಾಲಿಗೆ ಬದಲಾಗುವುದೇ ಇಲ್ಲ. ಮೇಲಿದ್ದುದು ಮೇಲೆಯೇ ಇರುತ್ತದೆ, ಕೆಳಗಿದ್ದುದು ಕೆಳಗೆಯೇ. ದೀಪಗಳೂ ಕಣ್ಣಿಗೆ ಮರೆಯಾದರೆ ಆ ತಿರುವನ್ನು ತಿಳಿಯುವ ಉಪಾಯವಿಲ್ಲ. ಕತ್ತಿಯನ್ನು ಅಡ್ಡ ಬೀಸಿದಾಗ ಆಗುವುದು ಇದೇ. ಆದುದರಿಂದ 2009ರಲ್ಲಿ ‘ಮೋಷನ್‌ಪ್ಲಸ್’ ಎಂಬ ಚಿಕ್ಕ ಉಪಾಂಗವನ್ನು ತಂದು, ಅದರಲ್ಲಿ ಭ್ರಮಣದ ವೇಗವನ್ನು ಅಳೆಯುವ ಗೈರೋಸ್ಕೋಪನ್ನು ಇಟ್ಟರು. 2010ರಲ್ಲಿ ಅದನ್ನು ರಿಮೋಟಿನೊಳಗೇ ಸೇರಿಸಿದರು. ಇದಕ್ಕೂ ತನ್ನದೇ ಆದ ದೋಷವಿದೆ. ನಿಶ್ಚಲವಾಗಿರುವಾಗಲೂ ಮೆಲ್ಲನೆ ತಿರುಗುತ್ತಿರುವಂತೆ ಗೈರೋಸ್ಕೋಪು ತೋರಿಸುವುದುಂಟು. ಆದ್ದರಿಂದ ಆಟಕ್ಕೆ ಮೊದಲು ರಿಮೋಟನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಕೆಲವು ಸೆಕೆಂಡು ಮುಟ್ಟದೆ ಇರುವಂತೆ ಯಂತ್ರವು ಕೇಳಿಕೊಳ್ಳುತ್ತದೆ. ಆ ವಿರಾಮದಲ್ಲಿ ಅದು ‘ನಿಶ್ಚಲವೆಂದರೆ ಇದು’ ಎಂಬುದನ್ನು ಕಲಿತುಕೊಳ್ಳುತ್ತದೆ. ಅವಸರದ ಮಕ್ಕಳು ಈ ಕೆಲವು ಸೆಕೆಂಡುಗಳನ್ನು ಸಹಿಸದೆ ಕೈಹಾಕಿ, ಅನಂತರ ಕತ್ತಿ ಸೊಟ್ಟಗಾಯಿತೆಂದು ಯಂತ್ರವನ್ನು ಬಯ್ಯುತ್ತಾರೆ.

ಉಪಯೋಗದ ಕ್ರಮವನ್ನು ಬೌಲಿಂಗ್ ಆಟದ ಉದಾಹರಣೆಯಿಂದ ತಿಳಿಯುವುದು ಸುಲಭ. ರಿಮೋಟನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು, ಅದರ ಅಡಿಬದಿಯ ಗುಂಡಿಯನ್ನು ತೋರುಬೆರಳಿನಿಂದ ಒತ್ತಿಕೊಂಡು, ತೋಳನ್ನು ಹಿಂದಕ್ಕೆ ಒಯ್ದು ಮುಂದಕ್ಕೆ ತರಬೇಕು. ತಕ್ಕ ಕ್ಷಣದಲ್ಲಿ ಗುಂಡಿಯನ್ನು ಬಿಡಬೇಕು. ಅಪಾಯ ಅಡಗಿರುವುದು ಇಲ್ಲಿಯೇ. ಚೆಂಡನ್ನು ಉರುಳಿಸುವವನು ಕೊನೆಗೆ ಮುಷ್ಟಿಯನ್ನು ಸಡಿಲಿಸುತ್ತಾನೆ. ಯಂತ್ರ ಕೇಳುವುದು ಒಂದು ಬೆರಳನ್ನು ಸಡಿಲಿಸುವುದನ್ನು ಮಾತ್ರ. ಅನುಕರಣವು ಸಹಜವಾದಷ್ಟೂ ಕೈ ತಾನು ಆಡುತ್ತಿರುವುದು ಆಟವೆಂಬುದನ್ನು ಮರೆಯುತ್ತದೆ. ಹೊಸದರಲ್ಲಿ ಎಷ್ಟೋ ಮನೆಗಳಲ್ಲಿ ರಿಮೋಟು ಬೆವೆತ ಕೈಯಿಂದ ಹಾರಿ ಟೆಲಿವಿಷನ್ನಿನ ಗಾಜನ್ನು ಒಡೆಯಿತು. ಮಣಿಕಟ್ಟಿಗೆ ಕಟ್ಟಿಕೊಳ್ಳಲು ಕೊಟ್ಟಿದ್ದ ದಾರ 0.6 ಮಿಲಿಮೀಟರು ದಪ್ಪವಿದ್ದು ಕಿತ್ತುಹೋಗುತ್ತಿತ್ತು. 2006ರ ಡಿಸೆಂಬರಿನಲ್ಲಿಯೇ ಸಂಸ್ಥೆಯು ಸುಮಾರು 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಒಪ್ಪಿ, 1 ಮಿಲಿಮೀಟರು ದಪ್ಪದ ದಾರವನ್ನು ಕೊಟ್ಟಿತು. ಮರುವರ್ಷ ರಬ್ಬರಿನಂಥ ಮೆತ್ತನೆಯ ಹೊದಿಕೆಯನ್ನೂ ಉಚಿತವಾಗಿ ಒದಗಿಸಿತು. ದಾರವನ್ನು ಕಟ್ಟಿಕೊಳ್ಳದೆ ಯಾರೂ ಆಡಕೂಡದು. ಬೀಸುವ ತೋಳಿನ ಸುತ್ತ ಮಗುವಾಗಲಿ ದೀಪವಾಗಲಿ ಇರಕೂಡದು.

ದೇಹಾಯಾಸದ ವಿಷಯವೂ ಇದೆ. ಗಂಟೆಗಟ್ಟಲೆ ಟೆನಿಸ್ ಆಡಿದ ಯುವವೈದ್ಯನೊಬ್ಬನ ಬಲಹೆಗಲಿನ ಸ್ನಾಯುರಜ್ಜು ಊದಿಕೊಂಡು ನೋವಾದ ಸಂಗತಿಯನ್ನು ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದು 2007ರಲ್ಲಿ ಪ್ರಕಟಿಸಿತು. ನಿಜವಾದ ರಾಕೆಟ್ಟಿನ ಭಾರವೂ ಚೆಂಡಿನ ಪ್ರತಿಘಾತವೂ ಇಲ್ಲದಿರುವುದರಿಂದ ದಣಿವು ತಡವಾಗಿ ತಿಳಿಯುತ್ತದೆ. ಆದರೆ ಹೆಚ್ಚಿನವರ ಕಥೆ ಇದಕ್ಕೆ ವಿರುದ್ಧ. ಕೆಲವು ದಿನ ಆಡಿದೊಡನೆ ಅವರಿಗೆ ಒಂದು ಗುಟ್ಟು ತಿಳಿಯುತ್ತದೆ: ತೋಳನ್ನು ಪೂರ್ತಿ ಬೀಸಬೇಕಾಗಿಲ್ಲ, ಕುರ್ಚಿಯಲ್ಲಿ ಕುಳಿತು ಮಣಿಕಟ್ಟನ್ನು ತಟ್ಟನೆ ಅಲುಗಿಸಿದರೆ ಸಾಕು. ಅಳೆಯುವ ಚಿಪ್ಪಿಗೆ ಎರಡೂ ಒಂದೇ. ಅಲ್ಲಿಗೆ ಅನುಕರಣ ಮುಗಿದು ಮತ್ತೆ ಸಂಕೇತವೇ ಉಳಿಯಿತು. ಮಣಿಕಟ್ಟಿನ ಅಲುಗಾಟವೇ ಗುಂಡಿಯಾಯಿತು. ಇದನ್ನು ವಂಚನೆಯೆಂದು ಹಳಿಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಯಂತ್ರವು ತೋಳನ್ನು ಪೂರ್ತಿ ಕಂಡಿದ್ದರೆ, ತೋಳನ್ನು ಪೂರ್ತಿ ಎತ್ತಲಾರದ ವೃದ್ಧರಿಗೂ ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಆ ಆಟದಲ್ಲಿ ಎಡೆಯಿರುತ್ತಿರಲಿಲ್ಲ. ಅಮೆರಿಕ, ಇಂಗ್ಲೆಂಡುಗಳ ವೃದ್ಧಾಶ್ರಮಗಳಲ್ಲಿ ಈ ಬೌಲಿಂಗ್ ಆಟವು ಜನಪ್ರಿಯವಾದುದಕ್ಕೆ ಯಂತ್ರದ ಮಂದದೃಷ್ಟಿಯೂ ಒಂದು ಕಾರಣ.

ಈ ಗುಣವನ್ನು ಕಂಡು ಚಿಕಿತ್ಸಾಲಯಗಳೂ ಇದನ್ನು ಬಳಸತೊಡಗಿದವು. ಪಾರ್ಶ್ವವಾಯುವಿನಿಂದ ಕೈಯ ಸ್ವಾಧೀನ ತಪ್ಪಿದವರಿಗೆ ದಿನವೂ ಒಂದೇ ಬಗೆಯ ವ್ಯಾಯಾಮ ಮಾಡುವುದು ಬಹಳ ಬೇಸರದ ಕೆಲಸ. ಆಟದ ಆಕರ್ಷಣೆಯಿಂದ ಅವರು ಕೈಯನ್ನು ಹೆಚ್ಚು ಸಲ ಆಡಿಸುವರೆಂದು ನಿರೀಕ್ಷಿಸಲಾಯಿತು; ಪತ್ರಿಕೆಗಳಲ್ಲಿ ಬಹಳ ಹೊಗಳಿಕೆಯೂ ಬಂದಿತು. ಕೆನಡಾದ ವೈದ್ಯ ಗುಸ್ತಾವೊ ಸಪೋಸ್ನಿಕ್ ಮತ್ತು ಅವರ ಸಹೋದ್ಯೋಗಿಗಳು 141 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಮಾಮೂಲು ಚಿಕಿತ್ಸೆಯ ಜೊತೆಗೆ ಒಂದು ಗುಂಪಿಗೆ ವೀ ಯಂತ್ರವನ್ನೂ ಇನ್ನೊಂದಕ್ಕೆ ಇಸ್ಪೀಟು, ಬಿಂಗೋ, ಮರದ ತುಂಡುಗಳನ್ನು ಪೇರಿಸುವ ಆಟ ಇತ್ಯಾದಿಗಳನ್ನೂ ಕೊಟ್ಟು ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಗುಂಪುಗಳೂ ಸುಧಾರಿಸಿದ್ದವು. ಯಂತ್ರದ ಗುಂಪು ಮೇಲೆನಿಸಲಿಲ್ಲ. ಇದರಿಂದ ಯಂತ್ರವು ನಿಷ್ಪ್ರಯೋಜಕವೆಂದು ಹೇಳಲಾಗದು. ಆದರೆ ಮನೆಯಲ್ಲಿ ಇಂಥ ರೋಗಿಯಿರುವ ಬಡಕುಟುಂಬವು, ಸಾವಿರಾರು ರೂಪಾಯಿನ ಯಂತ್ರವನ್ನು ಕೊಳ್ಳಲಾಗದುದರಿಂದ ರೋಗಿಗೆ ಅನ್ಯಾಯವಾಯಿತೆಂದು ಕೊರಗಬೇಕಾದುದಿಲ್ಲ. ಇಸ್ಪೀಟಿನ ಎಲೆಗಳನ್ನು ತಯಾರಿಸುವುದರಿಂದ ಆರಂಭವಾದ ಸಂಸ್ಥೆಯ ಯಂತ್ರವು ಅದೇ ಇಸ್ಪೀಟಿಗೆ ಸಮವೆನಿಸಿತೆಂಬುದು ಕೌತುಕದ ಸಂಗತಿ. ಎರಡು ಕಡೆಯೂ ಸಮಾನವಾಗಿದ್ದುದು, ಕೈಯನ್ನು ಮತ್ತೆ ಮತ್ತೆ ಆಡಿಸಿದುದು.

ಶಾಲೆಗೆ ಹತ್ತಿರವಾದ ಇನ್ನೊಂದು ಉಪಯೋಗವನ್ನು ಹೇಳದೆ ಬಿಡಲಾಗದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಶೋಧಕ ಜಾನಿ ಲೀ ಎಂಬುವರು 2007ರಲ್ಲಿ ಈ ಉಪಕರಣವನ್ನು ತಲೆಕೆಳಗು ಮಾಡಿ ಬಳಸಿದರು. ರಿಮೋಟನ್ನು ಕೈಯಲ್ಲಿ ಹಿಡಿಯದೆ, ಗೋಡೆಯ ಕಡೆಗೆ ನೋಡುವಂತೆ ಒಂದೆಡೆ ನಿಲ್ಲಿಸಿ, ತುದಿಯಲ್ಲಿ ಅವರಕ್ತ ದೀಪವುಳ್ಳ ಲೇಖನಿಯನ್ನು ಕೈಗೆ ತೆಗೆದುಕೊಂಡರು. ಲೇಖನಿಯೆಂದರೆ ಒಂದು ದೀಪ, ಒಂದು ಸ್ವಿಚ್ಚು, ಒಂದು ಬ್ಯಾಟರಿ, ಅಷ್ಟೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದ ಚಿತ್ರದ ನಾಲ್ಕು ಮೂಲೆಗಳನ್ನು ಲೇಖನಿಯಿಂದ ಮುಟ್ಟಿ ತೋರಿಸಿದರೆ, ಅನಂತರ ಗೋಡೆಯ ಮೇಲೆ ಬರೆದುದೆಲ್ಲ ಗಣಕಯಂತ್ರದೊಳಗೆ ಮೂಡುತ್ತಿತ್ತು. ಸಾವಿರಾರು ಡಾಲರು ಬೆಲೆಯ ಫಲಕದ ಕೆಲಸವನ್ನು ಸುಮಾರು 40 ಡಾಲರಿನ ರಿಮೋಟು ನಿರ್ವಹಿಸಿತು. ಅದಕ್ಕೆ ಬೇಕಾದ ತಂತ್ರಾಂಶವನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟರು. ತಯಾರಕರು ಊಹಿಸದಿದ್ದ ಪ್ರಯೋಜನವನ್ನು ವಸ್ತುವಿನೊಳಗಿನಿಂದ ಹೊರತೆಗೆಯಲು ಅದರ ಮರ್ಮವನ್ನು ಬಲ್ಲವನಿಗೆ ಮಾತ್ರ ಸಾಧ್ಯ.

2010ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಕೈನೆಕ್ಟ್’ ಎಂಬುದನ್ನು ತಂದು, ಕೈಯಲ್ಲಿ ಏನನ್ನೂ ಹಿಡಿಯದೆ ಇಡೀ ದೇಹದಿಂದಲೇ ಆಡುವ ಕ್ರಮವನ್ನು ತೋರಿಸಿತು. ಅವರಕ್ತ ಕಿರಣದ ಸಾವಿರಾರು ಚುಕ್ಕೆಗಳನ್ನು ಕೋಣೆಯೊಳಗೆಲ್ಲ ಚೆಲ್ಲಿ, ಅವು ಬೀಳುವ ರೀತಿಯಿಂದ ಆಟಗಾರನ ಆಕಾರವನ್ನು ಅದು ಗ್ರಹಿಸುತ್ತಿತ್ತು. ಆರಂಭದ ಉತ್ಸಾಹ ಬಹುಕಾಲ ನಿಲ್ಲದೆ, 2017ರಲ್ಲಿ ಅದರ ತಯಾರಿಕೆ ನಿಂತಿತು. ವೀ ಯಂತ್ರದ ತಯಾರಿಕೆ ಜಪಾನಿನಲ್ಲಿ 2013ರಲ್ಲಿಯೇ ಮುಗಿದಿತ್ತು. 2017ರಲ್ಲಿ ಬಂದ ನಿಂಟೆಂಡೊದ ‘ಸ್ವಿಚ್’ ಯಂತ್ರದ ಪುಟ್ಟ ನಿಯಂತ್ರಕಗಳಲ್ಲಿ ವೇಗೋತ್ಕರ್ಷಮಾಪಕವೂ ಗೈರೋಸ್ಕೋಪೂ ಮುಂದುವರಿದಿವೆ.

ಈ ಯಂತ್ರಗಳನ್ನು ಕಾಣದ ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ. ಮನೆಯಲ್ಲಿರುವ ಮೊಬೈಲ್ ದೂರವಾಣಿಯಲ್ಲಿಯೂ ಇದೇ ಜಾತಿಯ ಚಿಪ್ಪು ಇದೆ. ಮೊಬೈಲನ್ನು ಅಡ್ಡ ಹಿಡಿದೊಡನೆ ತೆರೆಯ ಚಿತ್ರ ತಾನಾಗಿಯೇ ಅಡ್ಡವಾಗುವುದು ಅದರಿಂದಲೇ. ಮೇಲೆ ಹೇಳಿದ ಅಡ್ಡ ತಿರುವಿನ ತೊಡಕನ್ನು ಇದರಲ್ಲಿ ಪ್ರಯೋಗ ಮಾಡಿ ನೋಡಬಹುದು. ಚಿತ್ರ ತಿರುಗುವ ಏರ್ಪಾಡನ್ನು ಚಾಲೂ ಮಾಡಿ, ಮೊಬೈಲನ್ನು ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟು, ಮೇಲಕ್ಕೆತ್ತದೆ ಬೀಸುಕಲ್ಲಿನಂತೆ ಸುತ್ತಿಸಬೇಕು. ಎಷ್ಟು ಸುತ್ತಿಸಿದರೂ ಚಿತ್ರ ಇದ್ದ ಹಾಗೆಯೇ ಇರುತ್ತದೆ. ಅನಂತರ ಉದ್ದನೆಯ ಅಂಚೊಂದನ್ನು ಮೇಜಿಗೆ ಊರಿ ಮೊಬೈಲನ್ನು ನಿಲ್ಲಿಸಿದರೆ, ಚಿತ್ರ ಆ ಕಡೆಗೆ ಹೊರಳಿಕೊಳ್ಳುತ್ತದೆ.